ಸಂಶೋಧನೆ ಮಾಡುವವರಿಗೆ ಊರಿನಿಂದಲೂ ಬಾಗಿಲು ತೆರೆಯಲಿ



ಕಳೆದ ಮಳೆಗಾಲದಲ್ಲಿ ನಮ್ಮ ವಾರ್ಡಿನ ಅಕ್ಕ ಒಬ್ಬರು ರಜೆಗೆ ಊರಿಗೆ ಬಂದಿದ್ದರು. ದೂರದ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ನಾವೆಲ್ಲ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದೆವು. ಅವರು ಕಿಟಕಿಯ ಹತ್ತಿರ ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದರು. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಸಾಲುಗಳು. ಚಿತ್ರವಿಲ್ಲ, ಬಣ್ಣವಿಲ್ಲ.

"ಎಂತ ಅಕ್ಕ ಅದು?" ಎಂದು ಕೇಳಿದೆವು.

"ನನ್ನ ಜಾಬ್ ಸುರುವಾಯ್ತಾ ಅಂತ ನೋಡ್ತಾ ಇದ್ದೇನೆ. ಮೂರು ದಿನದಿಂದ ಕ್ಯೂನಲ್ಲಿ ಉಂಟು."

ಅಕ್ಕನಿಗೆ ಕೆಲಸ ಸಿಕ್ಕಿತು ಎಂದುಕೊಂಡ ನಮ್ಮವನೊಬ್ಬ ಕೂಡಲೇ ಸ್ವೀಟ್ ಕೇಳಿದ. ಎಲ್ಲರೂ ನಕ್ಕೆವು. ಅಷ್ಟರಲ್ಲಿ ಗುಡುಗು ಬಂತು, ಕರೆಂಟು ಹೋಯಿತು, ಮೊಬೈಲಿನ ನೆಟ್‌ವರ್ಕೂ ಹೋಯಿತು. "ಅಯ್ಯೋ ಅಕ್ಕ, ಎಲ್ಲ ಹೋಯ್ತಲ್ಲ" ಎಂದೆವು. ಅವರು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. "ಏನೂ ಹೋಗ್ಲಿಲ್ಲ. ನನ್ನ ಲೆಕ್ಕ ನಡೆಯುವುದು ಇಲ್ಲಿ ಅಲ್ಲ, ಅಲ್ಲಿ" ಎಂದು ನಮ್ಮೊಟ್ಟಿಗೆ ಕುರ್ಚಿ ಎತ್ತಲು ಬಂದರು.

ಅದೇ ದಿನ ಚಹಾ ಕುಡಿಯುವಾಗ ನಮ್ಮ ಸಂಘಟನೆಯ ಇನ್ನೊಬ್ಬ ಗೆಳೆಯ ಮೆಲ್ಲಗೆ ಒಂದು ಮಾತು ಹೇಳಿದ. ಅವನು ಎಂಎಸ್ಸಿ ಮುಗಿಸಿ ಒಂದು ವರ್ಷವಾಗಿದೆ. ಈಗ ಒಂದು ಕಡೆ ಪಾಠ ಮಾಡುತ್ತಾ ನೆಟ್ ಪರೀಕ್ಷೆಗೆ ಓದುತ್ತಿದ್ದಾನೆ. ಎಂಎಸ್ಸಿ ಪ್ರಾಜೆಕ್ಟಿನ ಕೆಲಸವನ್ನು ಲೇಖನವಾಗಿ ಬರೆದು ಕಳಿಸೋಣ ಎಂದು ಅವನ ಗುರುಗಳು ಹೇಳಿದ್ದರು. ಆದರೆ ಫಲಿತಾಂಶ ಬಂದ ಸ್ವಲ್ಪ ಸಮಯದಲ್ಲೇ ಅವನ ಕಾಲೇಜು ಇಮೇಲ್ ನಿಂತಿತು. ಅದರೊಂದಿಗೆ ಪತ್ರಿಕೆಗಳನ್ನು ಓದುವ ದಾರಿಯೂ, ಅಲ್ಲಿನ ಕಂಪ್ಯೂಟರಿನಲ್ಲಿ ಇಟ್ಟಿದ್ದ ಫೈಲುಗಳೂ ಹೋದವು. "ಅಕ್ಕನಿಗೆ ಕರೆಂಟು ಹೋದರೂ ಲೆಕ್ಕ ನಡೀತದೆ. ನನಗೆ ಕರೆಂಟು ಇದ್ದರೂ ನಡೆಯುವುದಿಲ್ಲ" ಎಂದ.

ಇಬ್ಬರೂ ಒಂದೇ ಊರಿನವರು, ಒಂದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಆ ಮಾತಿನ ಮೇಲೆ ನಾವು ಎರಡು ಮೂರು ಸಭೆಗಳಲ್ಲಿ ಚರ್ಚೆ ಮಾಡಿದೆವು. ನಮಗೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಲೆಕ್ಕ ನಡೆಯುವುದು ಎಲ್ಲಿ?

ಮೊದಲು ಅಕ್ಕ ನಮಗೆ ವಿವರಿಸಿದ್ದನ್ನು ಹೇಳುತ್ತೇವೆ. ಮನೆಯವರಿಗೂ ಇದು ಗೊತ್ತಿರಬೇಕು.

ಒಂದು ಔಷಧಿಯ ಅಣು ನಮ್ಮ ದೇಹದ ಪ್ರೋಟೀನಿಗೆ ಹೇಗೆ ಅಂಟುತ್ತದೆ ಎಂದು ಅವರು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಪ್ರತಿ ಪರಮಾಣು ಮುಂದಿನ ಕ್ಷಣದಲ್ಲಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಬೇಕು. ಆ 'ಕ್ಷಣ' ಎಂದರೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡ್. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಚಲನೆ ನೋಡಬೇಕಾದರೂ ಇಂಥ 50 ಕೋಟಿ ಹೆಜ್ಜೆ ಇಡಬೇಕು. ಪ್ರತಿ ಹೆಜ್ಜೆಯಲ್ಲಿ ಸಾವಿರಾರು, ಲಕ್ಷಾಂತರ ಪರಮಾಣುಗಳ ಲೆಕ್ಕ. ನಮ್ಮ ಮನೆಯ ಲ್ಯಾಪ್‌ಟಾಪಿಗೆ ಇದನ್ನು ಕೊಟ್ಟರೆ ಪಿಎಚ್‌ಡಿ ಮುಗಿದರೂ ಲೆಕ್ಕ ಮುಗಿಯಲಿಕ್ಕಿಲ್ಲ. ಅದಕ್ಕೆ ನೂರಾರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ ದೊಡ್ಡ ಯಂತ್ರ ಬೇಕು. ಅದನ್ನು ಕ್ಲಸ್ಟರ್ ಎನ್ನುತ್ತಾರೆ, ಬಹಳ ದೊಡ್ಡದಾದರೆ ಸೂಪರ್ ಕಂಪ್ಯೂಟರ್.

ಆ ಯಂತ್ರದ ಮುಂದೆ ಯಾರೂ ಕುಳಿತುಕೊಳ್ಳುವುದಿಲ್ಲ. ಅದು ಎಸಿ ಕೋಣೆಯಲ್ಲಿ ಬೀಗದೊಳಗೆ ಇರುತ್ತದೆ. ಅದೇ ಕ್ಯಾಂಪಸಿನ ವಿದ್ಯಾರ್ಥಿಯೂ ತನ್ನ ಕೋಣೆಯಿಂದ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದಾರಿಯಲ್ಲೇ ಒಳಗೆ ಹೋಗುತ್ತಾನೆ. ಒಳಗೆ ಹೋದ ಮೇಲೆ ಇಷ್ಟು ಪ್ರೊಸೆಸರ್ ಬೇಕು, ಇಷ್ಟು ಗಂಟೆ ಬೇಕು ಎಂದು ಬರೆದ ಒಂದು ಸಣ್ಣ ಫೈಲನ್ನು ಕೊಡಬೇಕು. ಅದೇ 'ಜಾಬ್'. ರೇಷನ್ ಅಂಗಡಿಯಲ್ಲಿ ಟೋಕನ್ ಕೊಟ್ಟ ಹಾಗೆ ಯಂತ್ರದೊಳಗಿನ ಒಂದು ಪ್ರೋಗ್ರಾಂ ಎಲ್ಲರ ಜಾಬುಗಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಸರದಿ ಬಂದಾಗ ಲೆಕ್ಕ ತನ್ನಷ್ಟಕ್ಕೆ ಸುರುವಾಗುತ್ತದೆ. ಒಮ್ಮೆ ಕೊಟ್ಟ ಮೇಲೆ ನಮ್ಮ ಲ್ಯಾಪ್‌ಟಾಪ್ ಮುಚ್ಚಿದರೂ, ಊರಿನಲ್ಲಿ ಮರ ಬಿದ್ದು ಲೈನ್ ತುಂಡಾದರೂ ಅಲ್ಲಿ ಏನೂ ನಿಲ್ಲುವುದಿಲ್ಲ.

ಹಾಗಾದರೆ ಆ ಯಂತ್ರಕ್ಕೆ ಅಕ್ಕ ಕ್ಯಾಂಪಸಿನಲ್ಲಿದ್ದಾರೋ, ನಮ್ಮ ಹಾಲಿನ ಕಿಟಕಿಯ ಹತ್ತಿರ ಇದ್ದಾರೋ ಎನ್ನುವುದರಿಂದ ವ್ಯತ್ಯಾಸವೇನೂ ಇಲ್ಲ. ಈ ಕಪ್ಪು ಪರದೆಗೆ ಬೇಕಾಗುವ ಇಂಟರ್ನೆಟ್ಟೂ ಬಹಳ ಕಡಿಮೆ. ಒಂದು ಸಿನಿಮಾ ನೋಡಲು ಬೇಕಾದಷ್ಟು ಬೇಡ. ಯಂತ್ರ ಕೇಳುವುದು ಒಂದೇ ಪ್ರಶ್ನೆ: ನೀವು ಯಾರು?

ನಮ್ಮ ತೆಂಗಿನ ಮರಕ್ಕೂ ಇದಕ್ಕೂ ಸಂಬಂಧ ಉಂಟು

ಇದೆಲ್ಲ ದೊಡ್ಡ ಊರಿನವರ ವಿಷಯ ಎಂದು ಯಾರಾದರೂ ಹೇಳಬಹುದು. ಹಾಗಲ್ಲ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಎಲ್ಲರಿಗೂ ಗೊತ್ತು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಜಾಗ ಅದು. ಇಂದು ಬೆಳೆಯ ಮೇಲಿನ ಸಂಶೋಧನೆ ತೋಟದಲ್ಲಿ ಎಷ್ಟು ನಡೆಯುತ್ತದೋ ಕಂಪ್ಯೂಟರಿನಲ್ಲಿಯೂ ಅಷ್ಟೇ ನಡೆಯುತ್ತದೆ. ಚೀನಾದ ವಿಜ್ಞಾನಿಗಳು 2017ರಲ್ಲಿ ತೆಂಗಿನ ಜೀನೋಮ್ ಪ್ರಕಟಿಸಿದಾಗ ಅದರ ಗಾತ್ರ ಸುಮಾರು 242 ಕೋಟಿ ಅಕ್ಷರ ಎಂದು ಅಂದಾಜು ಮಾಡಿದರು. ಯಂತ್ರ ಅದನ್ನು ಒಂದೇ ಉದ್ದದ ಸಾಲಾಗಿ ಓದುವುದಿಲ್ಲ, ಕೋಟಿಗಟ್ಟಲೆ ತುಂಡುಗಳಾಗಿ ಓದುತ್ತದೆ. ಹರಿದುಹೋದ ಪುಸ್ತಕವನ್ನು ಪುನಃ ಜೋಡಿಸುವ ಹಾಗೆ ಆ ತುಂಡುಗಳನ್ನು ಜೋಡಿಸಬೇಕು. ರೋಗ ತಡೆಯುವ ತಳಿ ಯಾವುದು ಎನ್ನುವ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳಲ್ಲಿ ಇದೂ ಒಂದು. ಈ ಬಗೆಯ ಕೆಲಸಕ್ಕಾಗಿಯೇ ಭಾರತೀಯ ಕೃಷಿ ಸಂಶೋಧನಾ ಮಂಡಳಿಯವರು ದೆಹಲಿಯ ತಮ್ಮ ಸಂಸ್ಥೆಯಲ್ಲಿ 'ಅಶೋಕ' ಎಂಬ ಸೂಪರ್ ಕಂಪ್ಯೂಟರ್ ವ್ಯವಸ್ಥೆಯನ್ನು 2014ರಲ್ಲಿ ಆರಂಭಿಸಿದರು. ಬೇರೆ ಬೇರೆ ಊರಿನ ಕೃಷಿ ವಿಜ್ಞಾನಿಗಳು ದೂರದಿಂದಲೇ ಬಳಸಲಿ ಎಂಬುದು ಅದರ ಉದ್ದೇಶ.

ಅಡಿಕೆ, ತೆಂಗು, ಕೊಕ್ಕೋ ಬೆಳೆಯುವ ಮನೆಯ ಮಕ್ಕಳು ನಾವು. ನಮ್ಮ ತೋಟದ ರೋಗದ ಲೆಕ್ಕವನ್ನು ನಮ್ಮಲ್ಲೇ ಒಬ್ಬರು ಮಾಡುವ ಕಾಲ ಬರಬೇಡವೇ?

ದೇಶ ಕಟ್ಟಿದ್ದು ಕಡಿಮೆಯೇನಲ್ಲ

ದೂರುವ ಮೊದಲು ಆಗಿರುವ ಕೆಲಸವನ್ನು ಒಪ್ಪಿಕೊಳ್ಳಬೇಕು. ಪುಣೆಯ ಸಿ-ಡಾಕ್ 1991ರಲ್ಲಿ ಪರಮ್ 8000 ಕಟ್ಟಿದಾಗಿನಿಂದ ನಮ್ಮ ದೇಶಕ್ಕೆ ಈ ವಿದ್ಯೆ ಗೊತ್ತು. 2015ರಲ್ಲಿ ಕೇಂದ್ರ ಸರಕಾರ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಮಂಜೂರು ಮಾಡಿತು. ಅದರಡಿಯ ಮೊದಲ ಯಂತ್ರ ಪರಮ್ ಶಿವಾಯ್ 2019ರಲ್ಲಿ ವಾರಾಣಸಿಯ ಐಐಟಿಯಲ್ಲಿ ಆರಂಭವಾಯಿತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪರಮ್ ಪ್ರವೇಗ ಬಂತು. ಅದರ ಶಕ್ತಿ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ. 2024ರ ಸೆಪ್ಟೆಂಬರಿನಲ್ಲಿ ಪುಣೆ, ದೆಹಲಿ, ಕೊಲ್ಕತ್ತಾಗಳಲ್ಲಿ ಮೂರು ಪರಮ್ ರುದ್ರ ಯಂತ್ರಗಳು ಉದ್ಘಾಟನೆಯಾದವು. ಇದನ್ನು ಬಳಸಲು ಜನರಿಗೆ ತರಬೇತಿ ಕೊಡುವ ಕೇಂದ್ರಗಳಲ್ಲಿ ಒಂದು ನಮ್ಮ ರಾಜ್ಯದಲ್ಲೇ, ಪಾಲಕ್ಕಾಡಿನ ಐಐಟಿಯಲ್ಲಿದೆ. ವಿಶ್ವವಿದ್ಯಾಲಯಗಳನ್ನೂ ಪ್ರಯೋಗಾಲಯಗಳನ್ನೂ ವೇಗದ ಜಾಲದಿಂದ ಜೋಡಿಸುವ ನ್ಯಾಷನಲ್ ನಾಲೆಜ್ ನೆಟ್‌ವರ್ಕ್ 2010ರಲ್ಲೇ ಮಂಜೂರಾಗಿತ್ತು.

ಸಂಶೋಧನೆಗೆ ಯಂತ್ರ ಮಾತ್ರ ಸಾಲದು, ಓದಲು ಪತ್ರಿಕೆಗಳು ಬೇಕು. ಅಲ್ಲಿಯೂ ಒಂದು ದೊಡ್ಡ ಹೆಜ್ಜೆ ಬಂದಿದೆ. 'ಒಂದು ದೇಶ, ಒಂದು ಚಂದಾ' ಎಂಬ ಯೋಜನೆಯನ್ನು 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸರಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ಇದರ ಪ್ರಯೋಜನ. ಸಣ್ಣ ಊರಿನ ಸರಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಐಐಟಿಯ ವಿದ್ಯಾರ್ಥಿಗೂ ಓದಲು ಒಂದೇ ಪಟ್ಟಿ. ಇದು ಸಣ್ಣ ವಿಷಯವಲ್ಲ. ಈ ಯೋಜನೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಹಾಗಾದರೆ ತೊಂದರೆ ಎಲ್ಲಿ?

ನಮ್ಮ ಅಭಿಪ್ರಾಯದಲ್ಲಿ ಈಗಿನ ತೊಂದರೆ ದೂರದ್ದಲ್ಲ. ತೊಂದರೆ ಗುರುತಿನದ್ದು. ಇವತ್ತು ಯಾವ ಸಂಸ್ಥೆಯ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಪತ್ರಿಕೆಗಳ ವಿಷಯವನ್ನೇ ನೋಡೋಣ. ಪ್ರಕಾಶಕರ ಕಂಪ್ಯೂಟರ್ ಒಂದು ಕಾಲೇಜನ್ನು ಗುರುತಿಸುವುದು ಅದರ ಇಂಟರ್ನೆಟ್ ವಿಳಾಸದಿಂದ. ಕ್ಯಾಂಪಸಿನ ವೈಫೈಯಲ್ಲಿ ಕುಳಿತರೆ ಲೇಖನ ತೆರೆಯುತ್ತದೆ. ಅದೇ ಲ್ಯಾಪ್‌ಟಾಪನ್ನು ಮನೆಗೆ ತಂದರೆ ಅದೇ ಲೇಖನಕ್ಕೆ ಡಾಲರಿನಲ್ಲಿ ಬೆಲೆ ಕೇಳುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಎಲ್ಲರೂ ಮನೆ ಸೇರಿದಾಗ ಇದು ಎಷ್ಟು ದೊಡ್ಡ ಗೋಡೆ ಎಂದು ಗೊತ್ತಾಯಿತು. ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ 'ಇನ್‌ಫೆಡ್' ಎಂಬ ವ್ಯವಸ್ಥೆ ನಡೆಸುತ್ತದೆ. ಕಾಲೇಜು ಕೊಟ್ಟ ಹೆಸರು, ಪಾಸ್‌ವರ್ಡ್ ಹಾಕಿದರೆ ಮನೆಯಿಂದಲೇ ಓದಬಹುದು. ಆದರೆ ಅದಕ್ಕೆ ಕಾಲೇಜು ಸೇರಿರಬೇಕು, ಸೇರಿದ ಮೇಲೆ ಅಲ್ಲಿ ಒಬ್ಬರು ಕುಳಿತು ವಿದ್ಯಾರ್ಥಿಗಳ ಹೆಸರನ್ನು ಹಾಕಿರಬೇಕು, ಮತ್ತೆ ಹೀಗೊಂದು ದಾರಿ ಉಂಟು ಎಂದು ವಿದ್ಯಾರ್ಥಿಗಳಿಗೆ ಹೇಳಿರಬೇಕು. ನಮ್ಮ ಸಂಘಟನೆಯಲ್ಲಿ ಪದವಿ, ಸ್ನಾತಕೋತ್ತರ ಓದುವವರನ್ನು ಕೇಳಿದೆವು. ಇನ್‌ಫೆಡ್ ಎಂಬ ಹೆಸರನ್ನು ಕೇಳಿದವರು ಇಬ್ಬರೇ ಇದ್ದರು.

ಎರಡನೆಯದು, ಆ 13,000 ಪತ್ರಿಕೆಗಳ ಯೋಜನೆ ಸರಕಾರಿ ಸಂಸ್ಥೆಗಳಿಗೆ ಮಾತ್ರ. ಗಡಿನಾಡಿನ ನಮ್ಮ ಎಷ್ಟೋ ಮಕ್ಕಳು ಓದುವುದು ಖಾಸಗಿ ಮತ್ತು ಸ್ವಾಶ್ರಯ ಕಾಲೇಜುಗಳಲ್ಲಿ. ಕೆಲವರು ಮಂಗಳೂರಿಗೆ ಹೋಗುತ್ತಾರೆ, ಕೆಲವರು ಕಣ್ಣೂರಿನ ಕಡೆಗೆ. ಸರಕಾರಿ ಸೀಟು ಸಿಗದೆ, ಸಾಲ ಮಾಡಿ ಫೀಸು ಕಟ್ಟಿ ಓದುವವರಿಗೇ ಓದಲು ಪತ್ರಿಕೆಯೂ ಇಲ್ಲ ಎಂದರೆ ಹೇಗೆ?

ಮೂರನೆಯದು, ನಮ್ಮ ಗೆಳೆಯನ ಹಾಗೆ ಎರಡು ಮೆಟ್ಟಿಲುಗಳ ನಡುವೆ ನಿಂತವರು. ಎಂಎಸ್ಸಿ ಮುಗಿದಿದೆ, ಪಿಎಚ್‌ಡಿ ಸುರುವಾಗಿಲ್ಲ. ನೆಟ್ ಪರೀಕ್ಷೆಗೆ ಓದುವವರು, ಅತಿಥಿ ಉಪನ್ಯಾಸಕರು, ಮದುವೆಯಾಗಿ ಮಗುವಿಗಾಗಿ ಎರಡು ವರ್ಷ ಬಿಟ್ಟು ಪುನಃ ಸೇರಬೇಕೆಂದಿರುವ ಅಕ್ಕಂದಿರು. ಇವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಸಂಶೋಧನೆಗೆ ಹೋಗುವ ಆಸೆ ಇರುವುದೂ ಇವರಿಗೇ, ಕಲಿತದ್ದನ್ನು ಮರೆಯುವ ಭಯ ಇರುವುದೂ ಇವರಿಗೇ. ದೊಡ್ಡ ಊರಿನಲ್ಲಿ ಇರುವವರು ಹೇಗಾದರೂ ಹಳೆಯ ಲ್ಯಾಬಿಗೆ ಹೋಗಿ ಒಂದು ಮೂಲೆಯಲ್ಲಿ ಕುಳಿತು ಕೆಲಸ ಮಾಡಿಯಾರು. ಬಸ್ಸಿಗೆ ಎರಡು ಗಂಟೆ ಬೇಕಾಗುವ ಗುಡ್ಡದ ಮೇಲಿನ ಮನೆಯವರು ಏನು ಮಾಡಬೇಕು?

ನಾಲ್ಕನೆಯದು ಹುಡುಗಿಯರ ಹಾಸ್ಟೆಲುಗಳ ವಿಷಯ. ಜಾಬ್ ಸಾಲಿನಲ್ಲಿ ಮುಂದೆ ಬರುವುದು ರಾತ್ರಿ ಎರಡು ಗಂಟೆಗೂ ಆಗಬಹುದು. ಏನಾದರೂ ತಪ್ಪಿದ್ದರೆ ಆಗಲೇ ನೋಡಿ ಸರಿ ಮಾಡಬೇಕು. ರಾತ್ರಿ ವೈಫೈ ಆಫ್ ಮಾಡುವ, ಲ್ಯಾಬಿಗೆ ಹೋಗಬಾರದೆನ್ನುವ ನಿಯಮಗಳು ಇನ್ನೂ ಕೆಲವು ಕಡೆ ಇವೆ. ಕೋಯಿಕ್ಕೋಡಿನ ಒಬ್ಬ ವಿದ್ಯಾರ್ಥಿನಿ, ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರ ವರೆಗೆ ಮೊಬೈಲ್ ಬಳಸಬಾರದೆಂಬ ನಿಯಮವನ್ನು ಒಪ್ಪದೆ ಹೊರಗೆ ಹಾಕಿಸಿಕೊಂಡು ಕೇರಳ ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರಿನಲ್ಲಿ ಕೋರ್ಟು ಅವಳ ಪರವಾಗಿ ತೀರ್ಪು ಕೊಟ್ಟಿತು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು. ನಮ್ಮದೇ ರಾಜ್ಯದ ಈ ತೀರ್ಪು ನಮ್ಮ ಎಲ್ಲ ಹುಡುಗಿಯರಿಗೂ, ಅವರ ತಂದೆತಾಯಿಗೂ ಗೊತ್ತಿರಬೇಕು.

ನಮ್ಮ ತಪ್ಪೂ ಉಂಟು

ಎಲ್ಲವನ್ನೂ ಸರಕಾರದ, ಕಾಲೇಜಿನ ತಲೆಗೆ ಕಟ್ಟಿ ಸುಮ್ಮನಿರುವುದು ಸರಿಯಲ್ಲ. ಯುವಜನರಾದ ನಾವು ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇವೆ.

ದಾರಿ ಇಲ್ಲದಾಗ ನಾವು ಬೇರೆಯವರ ಪಾಸ್‌ವರ್ಡ್ ಕೇಳುತ್ತೇವೆ. "ಅಣ್ಣಾ, ನಿನ್ನ ಐಡಿ ಒಂದು ಕೊಡು, ಎರಡು ದಿನಕ್ಕೆ ಮಾತ್ರ." ಆ ಅಣ್ಣನೂ ಪಾಪ, ನಮ್ಮವನೇ ಎಂದು ಕೊಡುತ್ತಾನೆ. ಅದು ಗೆಳೆಯನಿಗೆ, ಗೆಳೆಯನ ಗೆಳೆಯನಿಗೆ ಹೋಗುತ್ತದೆ. ಇದು ಸಹಾಯದ ಹಾಗೆ ಕಾಣುತ್ತದೆ, ಆದರೆ ಅಪಾಯ. 2020ರ ಮೇ ತಿಂಗಳಲ್ಲಿ ಎಡಿನ್‌ಬರೋದಲ್ಲಿದ್ದ ಬ್ರಿಟನ್ನಿನ ಆರ್ಚರ್ ಸೂಪರ್ ಕಂಪ್ಯೂಟರನ್ನೂ ಜರ್ಮನಿಯ ಹಲವು ಯಂತ್ರಗಳನ್ನೂ ಕೆಲವು ದಿನ ಮುಚ್ಚಬೇಕಾಯಿತು. ಸಂಶೋಧಕರ ಕದ್ದ ಲಾಗಿನ್‌ಗಳ ಮೂಲಕ ಯಾರೋ ಒಳಗೆ ನುಗ್ಗಿದ್ದರು. ಆರ್ಚರಿನ ಎಲ್ಲ ಬಳಕೆದಾರರ ಪಾಸ್‌ವರ್ಡ್, ಕೀ ಎಲ್ಲವನ್ನೂ ಬದಲಾಯಿಸಬೇಕಾಯಿತು. ಕೊರೊನಾ ಮೇಲಿನ ಲೆಕ್ಕಗಳು ತುರ್ತಾಗಿ ಬೇಕಾಗಿದ್ದ ಸಮಯವದು.

ಹಾಗಾಗಿ ಕಂಪ್ಯೂಟರ್ ವಿಭಾಗದವರು ಹೊರಗಿನವರಿಗೆ ಬಾಗಿಲು ತೆರೆಯಲು ಹೆದರಿದರೆ ಅದು ಸುಮ್ಮನೆ ಬಿಗುಮಾನವಲ್ಲ. ಯಂತ್ರದ ಗಂಟೆಗಳಿಗೂ ಮಿತಿ ಇದೆ. ಕರೆಂಟು ಬಿಲ್ಲಿಗೇ ದೊಡ್ಡ ಮೊತ್ತ ಬೇಕು. ಕೇಳಿದವರಿಗೆಲ್ಲ ಕೊಟ್ಟರೆ ಸಾಲು ಉದ್ದವಾಗುತ್ತದೆ, ಒಳಗಿನ ವಿದ್ಯಾರ್ಥಿಗಳ ಪ್ರಬಂಧ ತಡವಾಗುತ್ತದೆ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಇದಕ್ಕೆ ಉತ್ತರ ಬಾಗಿಲು ಮುಚ್ಚುವುದಲ್ಲ. ಪ್ರತಿಯೊಬ್ಬರಿಗೂ ಅವರದ್ದೇ ಹೆಸರಿನ, ಮಿತಿಯಿರುವ, ಅವಧಿಯಿರುವ ಕೀಲಿಕೈ ಕೊಡುವುದು. ತನ್ನ ಹೆಸರಿನ ಸಣ್ಣ ಕೀಲಿಕೈ ಇದ್ದವನು ಇನ್ನೊಬ್ಬನ ಕೀಲಿಕೈ ಕೇಳಲು ಹೋಗುವುದಿಲ್ಲ.

ನಾವು ಕೇಳುವುದು ಇಷ್ಟು

ಒಂದು: ಪದವಿ ಮುಗಿದ ಮೇಲೆ ಕನಿಷ್ಠ ಎರಡು ವರ್ಷ ವಿದ್ಯಾರ್ಥಿಯ ಇಮೇಲ್ ಮತ್ತು ಓದುವ ದಾರಿಯನ್ನು ಉಳಿಸಬೇಕು. ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ತಿಳಿಸಬೇಕು, ಫೈಲುಗಳನ್ನು ತೆಗೆದುಕೊಳ್ಳಲು ಸಮಯ ಕೊಡಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ, ಮನಸ್ಸು ಬೇಕು.

ಎರಡು: ಸಾರ್ವಜನಿಕ ಹಣದಿಂದ ಕಟ್ಟಿದ ಯಂತ್ರಗಳಲ್ಲಿ ಒಂದು ಸಣ್ಣ ಪಾಲನ್ನು ಹೊರಗಿನ ಸಣ್ಣ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಇಡಬೇಕು. ಮಾರ್ಗದರ್ಶಕರ ಸಹಿ, ಒಂದು ಪುಟದ ಅರ್ಜಿ, ಇಂತಿಷ್ಟೇ ಗಂಟೆ ಎಂಬ ನಿಯಮ ಇರಲಿ. ಆದರೆ ಅರ್ಜಿ ಹಾಕುವುದು ಹೇಗೆ ಎನ್ನುವುದು ಎಲ್ಲರಿಗೂ ಕಾಣುವ ಹಾಗೆ ಇರಲಿ.

ಮೂರು: ಚಂದಾ ಯೋಜನೆಯನ್ನು ಖಾಸಗಿ ಕಾಲೇಜುಗಳಿಗೂ, ಸಾರ್ವಜನಿಕ ಗ್ರಂಥಾಲಯಗಳಿಗೂ ವಿಸ್ತರಿಸಬೇಕು. ಕೇರಳದಲ್ಲಿ ಊರೂರಿಗೆ ಗ್ರಂಥಾಲಯ ಇದೆ. ಅಲ್ಲಿ ಒಂದು ಕಂಪ್ಯೂಟರಿನಲ್ಲಿ ಈ ಪತ್ರಿಕೆಗಳು ತೆರೆದರೆ ಯಾವ ರಿಜಿಸ್ಟರಿನಲ್ಲೂ ಇಲ್ಲದವರಿಗೆ ಒಂದು ಜಾಗ ಸಿಕ್ಕಂತಾಗುತ್ತದೆ.

ನಾವೇ ಮಾಡಬಹುದಾದದ್ದು

ಅದೆಲ್ಲ ಆಗುವಾಗ ಆಗಲಿ. ಅಲ್ಲಿಯವರೆಗೆ ಕೈಕಟ್ಟಿ ಕುಳಿತುಕೊಳ್ಳುವುದು ಬೇಡ.

ನಮಗೊಂದು ಅನುಕೂಲ ಇದೆ, ನಾವೇ ಅದನ್ನು ಗಮನಿಸಿಲ್ಲ. 2017ರ ನವೆಂಬರಿನಿಂದ ಜಗತ್ತಿನ ಅತಿ ದೊಡ್ಡ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಎಲ್ಲ ಯಂತ್ರಗಳೂ ಲಿನಕ್ಸಿನಲ್ಲಿ ನಡೆಯುತ್ತವೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ಕಲಿಸುವುದೂ ಲಿನಕ್ಸಿನಲ್ಲೇ, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದ ಪುಸ್ತಕದೊಂದಿಗೆ. ನಾವು ಹೈಸ್ಕೂಲಿನಲ್ಲೇ ನೋಡಿದ್ದನ್ನು ದೊಡ್ಡ ನಗರದ ಎಷ್ಟೋ ಮಕ್ಕಳು ಎಂಎಸ್ಸಿಯಲ್ಲಿ ಮೊದಲ ಸಲ ನೋಡುತ್ತಾರೆ. ಆ ಕಪ್ಪು ಪರದೆಗೆ ನಾವು ಹೆದರಬೇಕಾಗಿಲ್ಲ. ಮರೆತಿದ್ದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲಿಯೂ ಉಚಿತವಾಗಿ ಸಿಗುತ್ತವೆ.

ಯಾವ ಕಾಲೇಜು ಎಂದು ಕೇಳದ ಬಾಗಿಲುಗಳೂ ಕೆಲವಿವೆ. ಜೀವಶಾಸ್ತ್ರದವರಿಗೆ 'ಗ್ಯಾಲಕ್ಸಿ' ಎಂಬ ವ್ಯವಸ್ಥೆ ಇದೆ. ಒಂದು ಇಮೇಲ್ ಇದ್ದರೆ ಸಾಕು, ಜೀನೋಮ್ ಲೆಕ್ಕಗಳನ್ನು ಅವರ ಯಂತ್ರದಲ್ಲೇ ಉಚಿತವಾಗಿ ಮಾಡಬಹುದು. ಗೂಗಲ್ ಕೊಲ್ಯಾಬ್‌ನಲ್ಲಿ ಪೈತಾನ್ ಕಲಿಯಬಹುದು, ಸಣ್ಣ ಲೆಕ್ಕ ಮಾಡಬಹುದು. ಹೆಚ್ಚು ಹೊತ್ತು ಬಿಟ್ಟರೆ ನಿಂತುಹೋಗುತ್ತದೆ ಎಂಬುದು ನೆನಪಿರಲಿ. ಭೌತಶಾಸ್ತ್ರ, ಗಣಿತದವರಿಗೆ ಆರ್ಕೈವ್ 1991ರಿಂದಲೂ ತೆರೆದಿದೆ. ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾದಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮ ಗೆಳೆಯ ಈಗ ಇವುಗಳಲ್ಲಿ ಎರಡನ್ನು ಬಳಸಿ ತನ್ನ ಲೇಖನದ ಕೆಲಸವನ್ನು ಪುನಃ ಕೈಗೆತ್ತಿಕೊಂಡಿದ್ದಾನೆ. ಕಳೆದುಹೋದ ಫೈಲುಗಳು ಬರಲಿಲ್ಲ. ಲೆಕ್ಕವನ್ನು ಮೊದಲಿನಿಂದ ಮಾಡುತ್ತಿದ್ದಾನೆ.

ನಮ್ಮ ಸಂಘಟನೆಯಲ್ಲಿ ಮೂರು ವಿಷಯ ತೀರ್ಮಾನಿಸಿದ್ದೇವೆ. ತಿಂಗಳ ಎರಡನೇ ಶನಿವಾರ ಸಂಜೆ ಹಾಲ್‌ನಲ್ಲಿ ಲಿನಕ್ಸ್ ಮತ್ತು ಪೈತಾನ್ ಕಲಿಯಲು ಕೂರುವುದು; ರಜೆಗೆ ಬಂದ ಅಕ್ಕ ಅಣ್ಣಂದಿರು ಒಂದೊಂದು ಪಾಠ ಹೇಳಿಕೊಡುವುದು. ಲಾಗಿನ್ ಆಗುವುದು, ಜಾಬ್ ಹಾಕುವುದು, ಮನೆಯಿಂದ ಪತ್ರಿಕೆ ಓದುವುದು ಹೇಗೆ ಎಂದು ಕನ್ನಡದಲ್ಲಿ ನಾಲ್ಕು ಪುಟದ ಟಿಪ್ಪಣಿ ತಯಾರಿಸುವುದು. ಹಾಲ್‌ನ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಮೇಜು, ಒಂದು ಯುಪಿಎಸ್, ಒಂದು ಕನೆಕ್ಷನ್ ಇಡಲು ಅನುಮತಿ ಕೊಡಿ ಎಂದು ಫಾದರ್ ಅವರಲ್ಲಿ ಕೇಳುವುದು. ಮೂರನೆಯದನ್ನು ಕೇಳಿ ಆಗಿದೆ. ಪಾಲನಾ ಸಮಿತಿಯ ಸಭೆಗೆ ಇಡುತ್ತೇನೆ ಎಂದಿದ್ದಾರೆ. ಸಮಿತಿಯ ಹಿರಿಯರು ಈ ಬರಹ ಓದಿದರೆ ದಯವಿಟ್ಟು ನಮ್ಮ ಪರವಾಗಿ ಕೈ ಎತ್ತಬೇಕು.

ಕೊನೆಗೆ ಮನೆಯ ಹಿರಿಯರಿಗೆ ಒಂದು ಮಾತು. ರಜೆಗೆ ಬಂದ ಮಗಳು ರೋಸ್ ಸಮಾರಂಭದ ದಿನವೂ ಲ್ಯಾಪ್‌ಟಾಪ್ ತೆರೆದರೆ ಬೇಜಾರಾಗುತ್ತದೆ, ನಮಗೆ ಅರ್ಥವಾಗುತ್ತದೆ. "ಅಲ್ಲಿ ಇದ್ದಾಗಲೂ ಅದೇ, ಇಲ್ಲಿ ಬಂದರೂ ಅದೇ" ಎನ್ನಬೇಡಿ. ಅವಳು ಊರಿಗೆ ಬರಲು ಸಾಧ್ಯವಾದದ್ದೇ ಆ ದಾರಿಯಿಂದ. ಅದಿಲ್ಲದಿದ್ದರೆ ಅವಳು ಅಲ್ಲೇ ಇರಬೇಕಾಗಿತ್ತು. ಹತ್ತು ನಿಮಿಷ ಬಿಟ್ಟುಬಿಡಿ, ಜಾಬ್ ಸುರುವಾಯಿತಾ ಎಂದು ನೋಡಿ ಎದ್ದು ಬರುತ್ತಾಳೆ.

ಅಂದ ಹಾಗೆ, ನಮ್ಮ ಅಕ್ಕನ ಜಾಬ್ ಆ ಭಾನುವಾರ ರಾತ್ರಿಯೇ ಸುರುವಾಗಿತ್ತಂತೆ. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಸ್ವೀಟ್ ಇನ್ನೂ ಬಾಕಿ ಇದೆ. ಪ್ರಬಂಧ ಮುಗಿದ ಮೇಲೆ ಕೊಡುತ್ತೇನೆ ಎಂದಿದ್ದಾರೆ. ಆ ಹೊತ್ತಿಗೆ ಇಂಥ ಕಪ್ಪು ಪರದೆಯ ಮುಂದೆ ನಮ್ಮ ಊರಿನ ಇನ್ನೂ ನಾಲ್ಕು ಜನ ಕೂತಿರಬೇಕು, ಅವರವರ ಹೆಸರಿನ ಕೀಲಿಕೈಯೊಂದಿಗೆ. ಎರಡನೇ ಶನಿವಾರ ಸಂಜೆ ಐದಕ್ಕೆ ಹಾಲಿಗೆ ಬನ್ನಿ. ಲ್ಯಾಪ್‌ಟಾಪ್ ಇಲ್ಲದವರೂ ಬನ್ನಿ, ಒಂದರ ಮುಂದೆ ಇಬ್ಬರು ಕುಳಿತುಕೊಳ್ಳೋಣ.